ಶಾಂತವ್ವನಿಗೆ ಕೊಟ್ಟ ಕೀಲಿ

ನನ್ನ ದೊಡ್ಡವ್ವಾ,

ಎಲೆಬಳ್ಳಿ ಸೊಸೆಯಂದಿರ ಕತೆಯನ್ನು ನನಗೆ ಮೊದಲು ಹೇಳಿದವಳು ನೀನು. ಯಲವಿಗಿ ಸ್ಟೇಷನ್ನಿನಲ್ಲಿ, ಗಾಡಿ ತಡವಾದ ಒಂದು ಮಧ್ಯಾಹ್ನ, ನಾನಿನ್ನೂ ಚಡ್ಡಿ ತೊಡುವ ಹುಡುಗನಾಗಿದ್ದಾಗ. ಕಿರಿಯ ಸೊಸೆ ಹೊಟ್ಟೆಕಿಚ್ಚಿನಿಂದ ಹಿರಿಯವಳ ಬಳ್ಳಿಯ ಬುಡ ಕೊಯ್ದಳು ಎನ್ನುವಷ್ಟರಲ್ಲಿ ಗಾಡಿ ಬಂತು, ಕತೆ ಅಲ್ಲಿಗೇ ನಿಂತಿತು. ಮುಂದೆ ನಾನೂ ಕತೆ ಹೇಳುವವನಾದೆ. ಶಿಗ್ಗಾವಿ, ಹಿರೇಕೆರೂರು, ಎಲ್ಲೇ ಹೇಳಿದರೂ ಕೊನೆಯನ್ನು ನಾನೇ ಕಟ್ಟಿ ಹೇಳಿದೆ. ಆದರೆ ಅದು ನಿನ್ನ ಕೊನೆಯಲ್ಲವಲ್ಲ...

ಕೊನೆ ಏನೆಂದು ಕೇಳಿದಾಗಲೆಲ್ಲ ನೀನು "ಎಲ್ಲಾ ಇದರಾಗ ಬರದೇನಿ, ಓದ್ಕೋವಂತಿ" ಎಂದು ಲ್ಯಾಪ್‌ಟಾಪ್ ತಟ್ಟುತ್ತಿದ್ದೆ. ಶಾಲೆಯಿಂದ ನಿವೃತ್ತಳಾದ ಮೇಲೆ ಸವಣೂರಿನ ಮನೆಯ ಪಡಸಾಲೆಯಲ್ಲಿ ನಿನ್ನದು ಅದೇ ಕೆಲಸ. ಬೆಳಿಗ್ಗೆ ಒಮ್ಮೆ ಏನೋ ಒತ್ತುತ್ತಿದ್ದೆ. ಆಮೇಲೆ ಯಾವ ಕತೆಯಾದರೂ ಸರಾಗ ತೆರೆಯುತ್ತಿತ್ತು. ನಿನ್ನದು ಬೀಗವಿಲ್ಲದ ಮನೆ ಎಂದು ನಾನು ಅಂದುಕೊಂಡಿದ್ದೆ.

ನೀನು ತೀರಿಹೋದ ಮೇಲೆ ಲ್ಯಾಪ್‌ಟಾಪ್ ಪಾಸ್‌ವರ್ಡ್ ಕೇಳಿತು. ಕೇಳಲಿ, ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರಾಯಿತು ಎಂದು ಹಾನಗಲ್ಲಿನ ಅಂಗಡಿಗೆ ಒಯ್ದೆ.

"ಡಿಸ್ಕ್ ಚಲೋ ಐತ್ರಿ," ಎಂದ ಅಂಗಡಿಯವ. "ಆದ್ರ ಒಂದಕ್ಷರಾನೂ ಓದಾಕ ಬರಂಗಿಲ್ಲ. ಅವ್ರು ಬರದಂಗ ತಾನ ಕೀಲಿ ಹಾಕಿ ಇಡ್ತಿತ್ತು, ಅವ್ರು ತಗದ್ರ ತಾನ ಬಿಚ್ಚಿ ತೋರಿಸ್ತಿತ್ತು. ಬಾಜೂಕ ಕುಂತವ್ರಿಗೆ ಕೀಲಿ ಐತಿ ಅಂತ ಗೊತ್ತ ಆಗಂಗಿಲ್ಲ."

"ಮುರದು ನೋಡೂದು?"

"ನಿಮ್ಮ ಜಲ್ಮ ಸಾಲಂಗಿಲ್ರಿ. ಪಾಸ್‌ವರ್ಡ್ ಯಾರಿಗರೆ ಹೇಳಿರ್ಬೇಕು. ಅವ್ರಿಗೆ ಭಾಳ ಹತ್ತಿರದವ್ರು ಯಾರಿದ್ರು?"

ನಾನೇ ಅಲ್ಲವೇ, ದೊಡ್ಡವ್ವಾ?

ಡಿಸ್ಕ್ ಜೋಡಿಸಿಕೊಂಡು ಮನೆಗೆ ಬಂದರೆ ಪಕ್ಕದ ಮನೆಯ ಶಾಂತವ್ವ ಬಾಗಿಲಲ್ಲಿ ನಿಂತಿದ್ದಳು. ನೀನು ಕತೆ ಹೇಳುವಾಗ ಎಲೆ ಮಡಚುತ್ತ 'ಹೂಂ, ಹೂಂ' ಅನ್ನುತ್ತಿದ್ದವಳು.

"ಆ ಪಾಸ್‌ವರ್ಡ್ ಅಕ್ಕೋರು ನನಗ ಹೇಳ್ಯಾರ," ಎಂದಳು.

ನಿನ್ನ ಮಡಿಲಲ್ಲಿ ಬೆಳೆದವ ನಾನು, ಕೀಲಿ ಅವಳಿಗೆ?

"ಇಷ್ಟ ದಿನಾ ಯಾಕ ಸುಮ್ಮನಿದ್ದಿ?"

"ನೀ ಎಲ್ಲಿ ಕೇಳಿದಿ? ಹಾನಗಲ್ಲಿಗೆ ಓಡಿದೆಪಾ, ಶಾಣ್ಯಾ!"

ಅವಳೇ ತೆರೆದಳು, ನಾನು ಓದಿದೆ. ಕತೆಯ ಕೊನೆಯಲ್ಲಿ ಹಿರಿಯ ಸೊಸೆ ಕಿರಿಯವಳ ಬಳ್ಳಿಯಿಂದಲೇ ಒಂದು ಕುಡಿ ಬೇಡಿ ತನ್ನ ಸಾಲಿನಲ್ಲಿ ನೆಟ್ಟಳು. "ಇನ್ನ ಇದು ಯಾರ ಬಳ್ಳಿ, ಹೇಳವಾ?" ಎಂದಳು. ಎಷ್ಟು ಸಲೀಸಾಗಿ ಮುಗಿಸಿದ್ದೀ! ನಡುನಡುವೆ ಸ್ಟೇಷನ್ನಿನಲ್ಲಿ ನಾನು ಕೇಳಿದ್ದನ್ನೂ ನೀನು ಬರೆದಿದ್ದೆ: 'ಬಳ್ಳಿಗೆ ನೋವಾಗಲಿಲ್ಲೇನು ಎಂದು ಹುಡುಗ ಕೇಳಿದ.'

ಶಾಂತವ್ವನ ಮುಖ ಸಣ್ಣದಾಯಿತು. "ಇಷ್ಟು ವರ್ಷ ಹೂಂ ಅಂದಾಕಿ ನಾ. ನಂದೊಂದು ಹೂಂ ಸೈತ ಬರದಿಲ್ಲ ನೋಡು."

ಸುಳ್ಳೇಕೆ ಹೇಳಲಿ, ನನಗೆ ಹಿತವೆನಿಸಿತು.

ಮರುದಿನ ಬೆಳಿಗ್ಗೆ ಆ ಕತೆ ಕೇಳಿದ ನಾವಿಬ್ಬರೂ ಪಾಸ್‌ವರ್ಡ್ ಬದಲಿಸಿದೆವು. ಮೊದಲರ್ಧ ಅವಳು ಒತ್ತಿದಳು, ನಾನು ಗೋಡೆ ನೋಡುತ್ತ ನಿಂತೆ. ಉಳಿದರ್ಧ ನಾನು ಒತ್ತಿದೆ, ಅವಳು ಬೀದಿ ನೋಡಿದಳು. ಇನ್ನು ನಿನ್ನ ಕತೆ ಬೇಕೆಂದರೆ ಇಬ್ಬರೂ ಕೂಡಿಯೇ ಕೂರಬೇಕು.

ಆದರೆ ದೊಡ್ಡವ್ವಾ, ಅವಳು ಬಹಳ ಹೊತ್ತು ಒತ್ತಿದಳು. ಅವಳ ಅರ್ಧ ನನ್ನದಕ್ಕಿಂತ ಉದ್ದ ಇರಬೇಕು.