ಮೈಲಮ್ಮನ ಮಗ

ನಿಜಲಿಂಗಪ್ಪ ಬಡಾವಣೆ, ದಾವಣಗೆರೆ
14-11-1999

ನನ್ನ ಮುದ್ದು ರಶ್ಮಿತಾ,

ಕೆಮ್ಮು ಕಡಿಮೆಯಾಯಿತೇ? ಮೈಸೂರಿನ ಚಳಿಯಲ್ಲಿ ಒದ್ದೆ ಕೂದಲು ಬಿಟ್ಟುಕೊಂಡು ಕಾಲೇಜಿಗೆ ಓಡಬೇಡ. ನಾನು ಕ್ಷೇಮ. ನಿನ್ನ ಅಪ್ಪಾಜಿ ಸರಿಯಾಗಿ ಉಣ್ಣುತ್ತಿಲ್ಲ, ಅದೂ ಸರಿಹೋಗುತ್ತದೆ.

ನೀನು ಇಂಟರ್‌ನೆಟ್ಟಿನಲ್ಲಿ ನಮ್ಮ ಮನೆತನದ ವಂಶಾವಳಿ ಹಾಕಿದಾಗ ಬೀದಿಗೆಲ್ಲ ಹೇಳಿಕೊಂಡು ಹಿಗ್ಗಿದವಳು ನಾನೇ. ಹರಿಹರದಲ್ಲಿ ಕಂಪ್ಯೂಟರ್ ಕಲಿಸುವ ವಿಜಯಕುಮಾರ್ ಅದನ್ನು ನೋಡಿ, ಯುಗಾದಿಯ ಮರುದಿನ ನಮ್ಮ ಬಾಗಿಲಿಗೆ ಬಂದ. ನನ್ನ ಮದುವೆಗೂ ಮೊದಲು ನಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದ ಮೈಲಮ್ಮನ ಮಗ. "ಆಸ್ತಿ ಬ್ಯಾಡ್ರಿ. ಅದ್ರಾಗ ನಿಮ್ಮ ಹೆಸರಿನ ಕೆಳಗ ನನ್ನ ಹೆಸರೂ ಬರೀರಿ, ಸಾಕು" ಅಂದ ಅಪ್ಪಾಜಿಗೆ. ಅಪ್ಪಾಜಿ ಬೈದು ಅಟ್ಟುತ್ತಾರೆಂದುಕೊಂಡೆ. ಅವರು ಅವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ಅತ್ತರು. ನನ್ನೆದುರು ಒಮ್ಮೆಯೂ ಅತ್ತವರಲ್ಲ ಕಣೇ. ಆಮೇಲೆ ಪ್ರತಿ ಭಾನುವಾರ ಅವನ ಊಟ ನಮ್ಮಲ್ಲೇ. ಬೇಸಿಗೆ ರಜೆಗೆ ಬಂದ ನೀನೂ ಅವನನ್ನು ಅಣ್ಣಾ ಎಂದೆ, ವಂಶಾವಳಿಯಲ್ಲಿ ನಿನ್ನ ಹೆಸರಿಗಿಂತ ಮೊದಲು ಅವನ ಹೆಸರು ಸೇರಿಸಿದೆ. ಅವನ ತಟ್ಟೆಗೆ ರೊಟ್ಟಿ ಹಾಕುತ್ತಿದ್ದವಳು ನಾನು.

ಕೇಳಿದವರಿಗೆ ಉತ್ತರ ಕೊಡಲಾದರೂ ರಕ್ತ ಪರೀಕ್ಷೆ ಮಾಡಿಸೋಣವೆಂದು ಹಟ ಹಿಡಿದೆ. ಇಬ್ಬರ ರಕ್ತವೂ ಹೈದರಾಬಾದಿಗೆ ಹೋಯಿತು. ಕಳೆದ ವಾರ ಫಲಿತಾಂಶ ಬಂತು: ಅವರು ತಂದೆ-ಮಗ ಅಲ್ಲ. ಅಪ್ಪಾಜಿ ಕೂಡಲೇ ಹರಿಹರಕ್ಕೆ, ಮೈಲಮ್ಮನ ಮನೆಗೆ ಹೊರಟರು, ನಾನೂ ಜೊತೆಗೆ ಹೋದೆ. ಓಣಿಯವರೆಲ್ಲ ನಿಂತಿರುವಾಗಲೇ ಅದನ್ನು ಓದಿ ಹೇಳಿದರು. ಮೈಲಮ್ಮ ಅಪ್ಪಾಜಿಯತ್ತ ನೋಡಲೂ ಇಲ್ಲ. ಮಗನ ಕಡೆ ತಿರುಗಿ, "ನಾನು ಬ್ಯಾರೆ ಗಂಡಸಿನ ಮುಖ ಕಂಡಾಕಿ ಅಲ್ಲಪ್ಪ" ಅಂದಳು. ಅವನು ತಲೆ ತಗ್ಗಿಸಿಕೊಂಡೇ, "ಯಾರು ಅಂತ ಆದ್ರೂ ಹೇಳವ್ವ" ಎಂದ. ಅವತ್ತೇ ಅವನು ಬಟ್ಟೆ ಕಟ್ಟಿಕೊಂಡು ಸ್ನೇಹಿತನ ಕೋಣೆಗೆ ಹೋದನಂತೆ. ಆಕೆ ದಿನಾ ಆ ಬಾಗಿಲಿಗೆ ಬುತ್ತಿ ಒಯ್ದು, ಬಿಚ್ಚದ ಗಂಟನ್ನು ಹಾಗೇ ವಾಪಸು ತರುತ್ತಾಳಂತೆ.

ಅವನ ಹೆಸರನ್ನು ಈಗಲೇ ಅಳಿಸಿಬಿಡು. ನಾಳೆ ನಿನಗೆ ಗಂಡು ನೋಡುವಾಗ ಜನ ಕೇಳುತ್ತಾರೆ.

ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಉಣ್ಣು. ಆ ಶಿವ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಸರ್ವಮಂಗಳಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪಾಜಿ ಹೇಳಿದರು, ಅವರು ಫೋನಿನಲ್ಲಿ ಫಲಿತಾಂಶ ತಿಳಿಸಿದರೂ ನಿನಗೆ ನಂಬಿಕೆ ಬಂದಿಲ್ಲವಂತೆ, ವಿಜಯಕುಮಾರನ ಜೊತೆ ನೀನೂ ರಕ್ತ ಕೊಡುತ್ತೀಯಂತೆ. ಕೊಡಬೇಡ. ಫೋನಿನಲ್ಲಿ ಹೇಳುವ ಮಾತಲ್ಲ ಇದು. ರಕ್ತ ತೆಗೆದ ಕಾಂಪೌಂಡರ್ ನನ್ನ ತವರು ಕುಕ್ಕುವಾಡದವನು. ಅವತ್ತು ವಿಜಯಕುಮಾರನ ಹೆಸರಿನಲ್ಲಿ ಹೋದದ್ದು ನಮ್ಮ ಡ್ರೈವರ್ ನಿಂಗಪ್ಪನ ರಕ್ತ. ಅಣ್ಣ ಬೇಕೋ ಅಮ್ಮ ಬೇಕೋ, ನೀನೇ ನೋಡು.