ನಲವತ್ತೆರಡನೇ ಕೀರ್ತನೆಯ ನಿನ್ನ ಅರ್ಧ

ಚಾಮರಾಜನಗರ
೨೨ ಮಾರ್ಚ್ ೨೦೨೫, ಶನಿವಾರ ಮಧ್ಯಾಹ್ನ

ಗುಂಡ್ಲುಪೇಟೆಯ ಚೆಂಡುಹೂವಿನ ಹೊಲಗಳ ಒಡತಿಯೂ, ನನ್ನ ಬೆನ್ನಿಗೆ ಗುದ್ದುವ ಏಕಮಾತ್ರ ಹಕ್ಕುದಾರಳೂ ಆದ ಅನು ಅಕ್ಕನ ಸಮ್ಮುಖಕ್ಕೆ,

ನಿನ್ನ ತಮ್ಮ ಶಶಿಕುಮಾರನೆಂಬ ಆರೋಪಿಯು ಯಾರ ಒತ್ತಾಯವೂ ಇಲ್ಲದೆ, ಬೆಳಿಗ್ಗೆ ಒಂದೇ ಒಂದು ಇಡ್ಲಿ ತಿಂದ ಸ್ಥಿತಿಯಲ್ಲಿ, ಬರೆದುಕೊಡುತ್ತಿರುವ ತಪ್ಪೊಪ್ಪಿಗೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಲ್ಲಿ ನೀನು ಅಳುವುದು ನನಗೆ ಕೇಳಿಸುತ್ತದೆ.

ಹಳೆಯ ಕೇಸಿನಿಂದ ಶುರುಮಾಡುತ್ತೇನೆ. ನೀನಿನ್ನೂ ಮನೆಯಲ್ಲಿದ್ದಾಗ, ಒಂದು ವರ್ಷ ಸುಗ್ಗಿ ಆರಾಧನೆಯ ದಿನ, ಅವತ್ತು ಹಾಡುವ ಕೀರ್ತನೆ ಯಾವುದೆಂದು ತೋರಿಸುವ ಚರ್ಚಿನ ನಂಬರ್ ಹಲಗೆಯಲ್ಲಿ ಬೈಬಲ್ಲಿನ ನೂರಹದಿನೇಳನೇ ಕೀರ್ತನೆ ಇತ್ತು. ಎರಡೇ ವಚನ. ಏಳರ ತಗಡು ಕಿತ್ತು ಒಂಬತ್ತರ ತಗಡು ನೇತುಹಾಕಿದವನು ನಾನೇ. ನೂರಹತ್ತೊಂಬತ್ತಕ್ಕೆ ನೂರಎಪ್ಪತ್ತಾರು ವಚನ. ಹಲಗೆಗೆ ಬಂದದ್ದನ್ನು ಹಾಡಿಯೇ ತೀರಬೇಕು ಎಂಬುದು ನಮ್ಮ ಸಭೆಯ ಕಟ್ಟಳೆ. ಅಪ್ಪ ಒಂದೊಂದು ವಚನದ ಮೊದಲರ್ಧ ಹಾಡುತ್ತಾ ಹೋದ, ನೀನು ಹೆಂಗಸರ ಕಡೆಯ ಮೂರನೇ ಬೆಂಚಿನಿಂದ ಎರಡನೇ ಅರ್ಧ ಹಾಡುತ್ತಾ ಹೋದೆ. ಹೊರಗೆ ಚಪ್ಪರದಡಿ ಬಿರಿಯಾನಿ ತಣ್ಣಗಾಯಿತು. ಸಭಾಪಾಲಕರು ಎರಡು ಸಲ ತೂಕಡಿಸಿ ಎದ್ದರು. ನೀವಿಬ್ಬರು ಮಾತ್ರ ಮುಗಿಯುವುದೇ ಬೇಡ ಎನ್ನುವವರ ಹಾಗೆ ಹಾಡಿದಿರಿ.

ಆಗೆಲ್ಲ ಅಪ್ಪ ಶನಿವಾರ ಎರಡು ಚೀಟಿ ಬರೆಯುತ್ತಿದ್ದ. ಒಂದು ಹಲಗೆಗೆ, ಒಂದು ನಿನಗೆ. ನೀನು ಸೋಮೇಶ್ ಭಾವನ ಜೊತೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದ ಮೇಲೆ, ಈ ನಾಲ್ಕು ವರ್ಷ, ಒಂದೇ ಚೀಟಿ. ನಿನ್ನ ಗೆಳತಿ ಸಿಂಧು ಒಮ್ಮೆ ನಿನ್ನ ಅರ್ಧ ಹಾಡಲು ನೋಡಿದಳು. ಅಪ್ಪ ಪುಸ್ತಕ ಮುಚ್ಚಿ, ಅವಳು ಮುಗಿಸುವವರೆಗೂ ಕಿಟಕಿಯ ಆಚೆ ನೋಡುತ್ತಾ ನಿಂತ. ಆಮೇಲೆ ಯಾರೂ ಆ ಸಾಹಸಕ್ಕೆ ಹೋಗಲಿಲ್ಲ. ಅಪ್ಪ ಮೊದಲರ್ಧ ಹಾಡುವುದು, ಉಳಿದರ್ಧಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನೆ ನಿಲ್ಲುವುದು, ಮುಂದಿನ ವಚನಕ್ಕೆ ಹೋಗುವುದು. ಆ ಬಿಡುವಿನಲ್ಲಿ ಫ್ಯಾನಿನ ಕಟಕಟ ಕೇಳುತ್ತಿತ್ತು. ಹೀಗೆ ಅರ್ಧರ್ಧ ಹಾಡಿದರೆ ದೇವರಿಗೆ ತಿಳಿಯುತ್ತದಾ ಎಂದು ಒಮ್ಮೆ ಕೆಣಕಿದೆ. "ಕೀರ್ತನೇಲಿ ಕುಣಿಯೋರೂ ಅವ್ರ, ಅಳೋರೂ ಅವ್ರ, ದೇವರ್ನೇ ಬಯ್ಯೋರೂ ಅವ್ರ ಕಣ್ಲಾ. ಸುಮ್ನ ನಿಂತವನ್ಗೂ ಜಾಗ ಇರ್ತದ ಬುಡು" ಅಂದ.

ಜನವರಿಯಲ್ಲಿ ನೀನು ಫೋನ್ ಮಾಡಿದ್ದಾಗ ಹಿಂದಿನಿಂದ ಅಪ್ಪನ ಕೆಮ್ಮು ಕೇಳಿ, ಏನದು ಅಂದೆ. ನಾನು ಶೀತ ಅಂದೆ. ಶೀತವಲ್ಲ ಅಕ್ಕ. ಗಂಟಲಲ್ಲಿ ಗೆಡ್ಡೆ, ಕೆಟ್ಟ ಗೆಡ್ಡೆ. "ಕೂಸ್ಗ ಏನಾರ ಹೇಳ್ದಾ, ನಿನ್ ಕಾಲ್ ಮುರ್ದಾಕ್ತೀನಿ" ಎಂದು ಅಪ್ಪನ ಅಪ್ಪಣೆಯಾಗಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಮೈಸೂರಿನ ಡಾಕ್ಟರು. ಮಾರ್ಚ್ ಹನ್ನೊಂದು, ಮಂಗಳವಾರ ಆಪರೇಷನ್ ಎಂದು ನಿಗದಿಯಾಯಿತು. ಹಾಗಾಗಿ ಒಂಬತ್ತನೇ ತಾರೀಖು ಅಪ್ಪ ಹಾಡುವ ಕೊನೆಯ ಭಾನುವಾರ.

ಆ ವಾರ ಅಪ್ಪನಿಗೆ ಮರೆವು ಹಿಡಿದಿದೆ ಅಂದುಕೊಂಡೆ. ಬುಧವಾರವೇ ಒಂದು ಚೀಟಿ ಕೈಗಿಟ್ಟು, "ಇದ ತಲುಪ್ಸಬುಡ್ಲಾ" ಅಂದ. ೪೨ ಎಂದಿತ್ತು. ಹಲಗೆಗೆ ಅಂಕಿ ನೇತುಹಾಕಿ, ಚೀಟಿಯನ್ನು ಅದರ ಹಿಂದೆ ಸಿಕ್ಕಿಸಿದೆ. ಶನಿವಾರ ಮತ್ತೆ ಅದೇ ೪೨ರ ಚೀಟಿ. ಬುಧವಾರದ್ದು ತಲುಪ್ತಾ ಎಂದು ಕೇಳಿದ. ಅವತ್ತೇ ತಲುಪಿಸಾಯ್ತು ಮಹಾಸ್ವಾಮಿ, ಅಂದೆ. ನನ್ನ ತಲೆ ಸವರಿದ. ಯಾವತ್ತೂ ಸವರಿದವನಲ್ಲ.

ಇನ್ನು ಮುಖ್ಯ ಅಪರಾಧ. ಐದು ವರ್ಷದ ಹಿಂದೆ ನೀನು ಅಡುಗೆಮನೆಯಲ್ಲಿ ಇದೇ ಕೀರ್ತನೆಯ ನಿನ್ನ ಅರ್ಧವನ್ನಷ್ಟೇ ಅಭ್ಯಾಸ ಮಾಡುತ್ತಿದ್ದೆ. ನಿನ್ನನ್ನು ಹಂಗಿಸಲೆಂದು ಕದ್ದು ರೆಕಾರ್ಡ್ ಮಾಡಿಕೊಂಡಿದ್ದೆ. ಭಾನುವಾರ ಅಂಗೈಯಗಲದ ಸ್ಪೀಕರನ್ನು ನಿನ್ನ ಬೆಂಚಿನ ಕೆಳಗಿಟ್ಟು, ಗಂಡಸರ ಕಡೆ ಕೊನೆಯ ಸಾಲಿನಲ್ಲಿ ಫೋನ್ ಹಿಡಿದು ಕುಳಿತೆ. ತಮಾಷೆ ಅಂದುಕೊಂಡೆ. ಅಪ್ಪನಿಗೆ ಒಂದು ಸಲ ಉತ್ತರ ಸಿಗಲಿ ಅಂತಲೂ ಅಂದುಕೊಂಡೆ. ಯಾವುದು ಎಷ್ಟು ಎಂದು ಈಗ ಹೇಳಲಾರೆ.

ಅಪ್ಪ ರೂಢಿಯಂತೆ ಶಿಲುಬೆಯ ಕಡೆ ಮುಖಮಾಡಿ ನಿಂತ. ನೀರಿಗೆ ಬಾಯಿಬಿಡುವ ಜಿಂಕೆಯ ಕೀರ್ತನೆ. ಇದನ್ನು ಬರೆದವನು ಬೇಸಿಗೆಯಲ್ಲಿ ಬಂಡೀಪುರ ನೋಡಿರಬೇಕು ಎಂದು ಪ್ರತಿ ಸಲ ಹೇಳುವವನು ಅವತ್ತು ಹೇಳಲಿಲ್ಲ. ಮೊದಲರ್ಧ ಹಾಡಿದ. ತಗಡು ಗೀರಿದಂಥ ದನಿ. ನಿಲ್ಲಿಸಿದ. ನಾನು ಒತ್ತಿದೆ. ನೀನು ಹಾಡಿದೆ.

ಅಪ್ಪ ತಿರುಗಲಿಲ್ಲ. ಅವನ ಹೆಗಲು ಒಮ್ಮೆ ಮೇಲೆದ್ದು ಇಳಿಯಿತು, ಅಷ್ಟೆ. ಎರಡನೇ ವಚನಕ್ಕೆ ಹಳೆಯ ದನಿ ಎಲ್ಲಿತ್ತೋ, ಬಂತು. ಸಭೆಯೆಲ್ಲ ಹೆಂಗಸರ ಕಡೆ ತಿರುಗಿತು, ನೀನಿಲ್ಲದ್ದನ್ನು ಕಂಡಿತು, ಆದರೆ ಯಾರೂ ತಡೆಯಲಿಲ್ಲ. ಅವನು ಬಿಟ್ಟುಕೊಟ್ಟ ಕಡೆಯೆಲ್ಲ ನಾನು ಒತ್ತಿದೆ, ನೀನು ಹಿಡಿದುಕೊಂಡೆ. ಕೊನೆಯ ವಚನದಲ್ಲಿ ನಿನ್ನ ಬೆನ್ನಿಗೇ ಕುಕ್ಕರ್ ಕೂಗಿತು. ಅದನ್ನು ಕತ್ತರಿಸಲು ಮರೆತಿದ್ದೆ. ಯಾರೋ ಕಿಸಕ್ಕೆಂದರು.

ಅಪ್ಪನ ಕಿವಿಗೆ ಅದೂ ಬೀಳಲಿಲ್ಲ. ಪುಸ್ತಕ ಅಲ್ಲೇ ಇಟ್ಟು, ಆರಾಧನೆಯ ನಡುವೆಯೇ ಮೆಟ್ಟಿಲಿಳಿದು ಮೂರನೇ ಬೆಂಚಿಗೆ ಬಂದ. ಅಲ್ಲಿ ಸುಧಾಮಣಿ ಅತ್ತೆ ಒಬ್ಬಳೇ ಕುಳಿತಿದ್ದಳು.

"ಸುಧಾ, ಕೂಸು ಎಲ್ಲವಳ?"

ಅಣ್ಣನಿಗೆ ಸುಳ್ಳು ಹೇಳಲು ಅತ್ತೆಗೆ ಬರುವುದಿಲ್ಲ. ಬೆಂಚಿನಡಿಯಿಂದ ಸ್ಪೀಕರ್ ತೆಗೆದು ತೋರಿಸಿದಳು. ನೀಲಿ ದೀಪ ಇನ್ನೂ ಮಿನುಗುತ್ತಿತ್ತು.

ಅಪ್ಪ ನನ್ನನ್ನು ಹೊಡೆಯಲಿಲ್ಲ, ಬಯ್ಯಲಿಲ್ಲ. ಅದನ್ನು ಎರಡೂ ಕೈಯಲ್ಲಿ ಹಿಡಿದು, ನೀನು ಕೂರುತ್ತಿದ್ದ ಜಾಗದಲ್ಲಿ ಇಟ್ಟ. ಮಂಗಳವಾರದವರೆಗೂ ಒಂದು ಮಾತೂ ಆಡಲಿಲ್ಲ. ಮಾತಾಡಲು ಅವನಿಗೆ ಉಳಿದಿದ್ದದ್ದು ಅಷ್ಟೇ ದಿನ.

ಈಗ ಆಸ್ಪತ್ರೆಯಲ್ಲಿದ್ದಾನೆ, ಅತ್ತೆ ಜೊತೆಗಿದ್ದಾಳೆ. ಸ್ಲೇಟು ಕೊಟ್ಟಿದ್ದೇವೆ. ನೀರು, ದಿಂಬು, ಸಾಕು ಎಂದು ಬರೆಯುತ್ತಾನೆ. ನಾನು ಬಟ್ಟೆ ಒಯ್ಯಲು ಊರಿಗೆ ಬಂದಿದ್ದೇನೆ. ನಿನ್ನನ್ನು ಬಾ ಅನ್ನಲು ನನಗೆ ಬಾಯಿಲ್ಲ. ಅಪ್ಪ ಕರೆಯದೆ ನೀನು ಬರುವವಳಲ್ಲ, ಅವನು ಕರೆಯುವವನಲ್ಲ. ಗೊತ್ತಿರಲಿ ಅಂತಷ್ಟೇ ಬರೆದೆ. ಒಂದು ಮಾತ್ರ ನನಗೆ ಬಗೆಹರಿಯುತ್ತಿಲ್ಲ. ನನ್ನ ಕಿತಾಪತಿಗಳನ್ನೆಲ್ಲ ಬಲ್ಲ ಅಪ್ಪ, ಅವತ್ತು ಒಂದು ಸಲವೂ ತಿರುಗಿ ನೋಡದೆ, ನೀನೇ ಬಂದಿದ್ದೀಯ ಎಂದು ಹೇಗೆ ನಂಬಿದ?

ಶಿಕ್ಷೆಗೆ ಬೆನ್ನೊಡ್ಡಿ ನಿಂತಿರುವ
ನಿನ್ನ ತಮ್ಮ
ಶಶಿ

ಮತ್ತೆ ಬರೆದದ್ದು: ಕವರು ಅಂಟಿಸುವ ಮುಂಚೆ ನಾಳೆಯ ಅಂಕಿ ಹಾಕಲು ಚರ್ಚಿಗೆ ಹೋಗಿದ್ದೆ. ಹೋದ ವಾರವೂ ಯಾರೂ ೪೨ ತೆಗೆದಿಲ್ಲ. ಹಲಗೆ ಎತ್ತಿದಾಗ ಬುಧವಾರದ ಚೀಟಿ ಮಗುಚಿಕೊಂಡು ಬಿತ್ತು. ಅದರ ಹಿಂಬದಿಯನ್ನು ನಾನು ನೋಡಿರಲೇ ಇಲ್ಲ. ಅದು ಹಲಗೆಯ ಚೀಟಿಯಲ್ಲ ಅಕ್ಕ, ಎರಡನೆಯದು, ನಿನ್ನದು. ತಲುಪಿಸಿದೆ ಅಂದಿದ್ದೆ. ನೀನು ಓದಿಯೂ ಬರಲಿಲ್ಲ ಎಂದುಕೊಂಡೇ ಅಪ್ಪ ಅಲ್ಲಿ ಮಲಗಿದ್ದಾನೆ. ಇದನ್ನು ಅಂಚೆಗೆ ಹಾಕುವುದಿಲ್ಲ. ಕಂಡಕ್ಟರ್ ರಂಗರಾಜಣ್ಣನ ಕೈಯಲ್ಲಿ ಮೂರೂವರೆ ಬಸ್ಸಿಗೆ ಕಳಿಸುತ್ತಿದ್ದೇನೆ. ಚೀಟಿ ಒಳಗಿದೆ. ಪೆನ್ಸಿಲ್ಲಿನಲ್ಲಿ ಬರೆದದ್ದು, ಮಾಸಿದೆ. ನಿನಗೆ ಕಾಣದಿದ್ದರೆ ಅಂತ ಇಲ್ಲೂ ಬರೆಯುತ್ತೇನೆ: "ಅನು, ಈ ಭಾನುವಾರ ಬಾ ಮಗಳೆ. ನಿನ್ನ ಅರ್ಧ ಯಾರಿಗೂ ಕೊಟ್ಟಿಲ್ಲ."