ಗುಂಡಿ ಇಲ್ಲದ ರೇಡಿಯೋ

ಧಾರವಾಡ,
೧೨ ಜೂನ್ ೧೯೬೪

ಹುಬ್ಬಳ್ಳಿಯ ರೇಡಿಯೋ ಅಂಗಡಿಯ ಉಡಚಪ್ಪನವರಿಗೆ ನಮಸ್ಕಾರಗಳು.

ಕಳೆದ ತಿಂಗಳು ನನ್ನ ಮಗ ಬಿಂದುಮಾಧವ ನಿಮ್ಮಲ್ಲಿ ನನಗೆಂದು ಒಂದು ರೇಡಿಯೋ ಕೊಂಡ. ‘ಹಿರಿಯರ ರೇಡಿಯೋ: ತಿರುವುವ ತೊಂದರೆಯಿಲ್ಲ, ತಪ್ಪುವ ಭಯವಿಲ್ಲ’ ಎಂದು ನಿಮ್ಮ ಹಲಗೆಯ ಮೇಲೆ ಬರೆದಿತ್ತಂತೆ. ನೀವು ಅವನಿಗೆ ನನ್ನ ವಯಸ್ಸು ಕೇಳಿದಿರಂತೆ. ಅವನು ಐವತ್ತೊಂಬತ್ತು ಎಂದೊಡನೆ ಸ್ಟೇಷನ್ ಬದಲಿಸುವ ಗುಂಡಿಯನ್ನು ಕಿತ್ತು, ತೂತಿಗೆ ತಗಡು ಬಡಿದು, ಮುಳ್ಳನ್ನು ಧಾರವಾಡದ ಮೇಲೆ ನಿಲ್ಲಿಸಿ ಕೊಟ್ಟಿರಿ.

ನಾನು ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸಿದವಳು. ರೇಡಿಯೋದ ಗಾಜಿನ ಮೇಲೆ ಕೊಲಂಬೊ, ಕೈರೋ, ಲಂಡನ್ ಎಂದು ಬರೆದಿದೆ. ನಕಾಶೆಯಲ್ಲಿ ಅವನ್ನೆಲ್ಲ ಕೋಲಿನಿಂದ ತೋರಿಸಿದ್ದೇನೆ. ಒಂದರ ದನಿಯನ್ನೂ ಕೇಳಿಲ್ಲ.

ದಿನಾ ಬೆಳಿಗ್ಗೆ ಸೊಸೆ ನನ್ನ ಮುಂದೆ ಭಜನೆ ಹಚ್ಚಿಟ್ಟು ಹೋಗುತ್ತಾಳೆ. ನಡುವೆ ಆರಿಸಿದರೆ, ‘ಯಾಕ್ರಿ ಅತ್ತಿ, ಆರಾಮ ಇಲ್ಲೇನು?’ ಎಂದು ಅಡಿಗೆಮನೆಯಿಂದ ಓಡಿ ಬರುತ್ತಾಳೆ. ಮಗನಿಗೆ ಹೇಳಿದರೆ, ‘ಅವ್ವಾ, ಈ ವಯಸ್ಸಿನಾಗ ಇನ್ನೇನ ಬೇಕು ನಿನಗ?’ ಅನ್ನುತ್ತಾನೆ. ಪ್ರೀತಿಯಿಂದಲೇ ಅನ್ನುತ್ತಾನೆ, ಅದಕ್ಕೇ ಜಗಳವಾಡಲೂ ಬರುವುದಿಲ್ಲ.

ತಗಡನ್ನು ಇಕ್ಕಳದಿಂದ ನಾನೇ ಕಿತ್ತಿದ್ದೇನೆ. ಮುಳ್ಳನ್ನು ತಿರುಗಿಸುವ ಒಳಗಿನ ಕಡ್ಡಿ ಮಾತ್ರ ಬೆರಳಿಗೆ ಸಿಗುತ್ತಿಲ್ಲ. ದಯಮಾಡಿ ಆ ಗುಂಡಿಯನ್ನು ಅಂಚೆಯಲ್ಲಿ ಕಳಿಸಿರಿ. ಪೊಟ್ಟಣದ ಮೇಲೆ ‘ಊದಿನಕಡ್ಡಿ’ ಎಂದು ದೊಡ್ಡದಾಗಿ ಬರೆಯಿರಿ. ನನ್ನ ಹೆಸರಿಗೆ ಬಂದ ಊದಿನಕಡ್ಡಿಯನ್ನು ಈ ಮನೆಯಲ್ಲಿ ಯಾರೂ ಬಿಚ್ಚಿ ನೋಡುವುದಿಲ್ಲ.

ಅಂಚೆಯವನ ದಾರಿ ನೋಡುತ್ತಿರುವ,
ಗೋದಾಬಾಯಿ